ಒಲ್ಲೆ ಅನ್ನಲು ಬಟನ್ ಇಲ್ಲದ ಆಟ

ಹಾಸನದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ. ಇವತ್ತು ನಾನು ಮಾತಾಡುವ ಆಟದಲ್ಲಿ ಖಿನ್ನತೆ, ಆತ್ಮಹತ್ಯೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಎಲ್ಲಾ ಬರುತ್ತದೆ. ಕೇಳಲು ಕಷ್ಟ ಅನ್ನಿಸಿದವರು ಎದ್ದು ಹೋಗಬಹುದು. ಬಾಗಿಲು ತೆರೆದೇ ಇರುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಇನ್ನೊಂದು, ಆಟದ ಗುಟ್ಟನ್ನೆಲ್ಲ ಬಿಚ್ಚಿಡುತ್ತೇನೆ. ಗುಟ್ಟು ಹೇಳದೆ ಈ ಆಟದ ಬಗ್ಗೆ ಮಾತಾಡಲು ಆಗುವುದೇ ಇಲ್ಲ.

ಆಟದ ಹೆಸರು ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’. 2017ರ ಸೆಪ್ಟೆಂಬರ್ 22ರಂದು ಬಂತು. ಅಮೆರಿಕದ ಡ್ಯಾನ್ ಸಾಲ್ವಾಟೊ ಎಂಬುವರು ಸಣ್ಣ ತಂಡ ಕಟ್ಟಿಕೊಂಡು ಮಾಡಿ, ದುಡ್ಡು ಕೇಳದೆ ಜನರಿಗೆ ಕೊಟ್ಟರು. ಡೋಕಿ ಡೋಕಿ ಅಂದರೆ ಜಪಾನಿ ಭಾಷೆಯಲ್ಲಿ ಎದೆ ಬಡಿದುಕೊಳ್ಳುವ ಸದ್ದು. ನಮ್ಮ ಢವಢವ ಇದೆಯಲ್ಲ, ಅದೇ. ಪ್ರೀತಿಯಲ್ಲೂ ಎದೆ ಢವಢವ ಅನ್ನುತ್ತದೆ, ಹೆದರಿಕೆಯಲ್ಲೂ ಅನ್ನುತ್ತದೆ. ಈ ಆಟ ಮೊದಲನೆಯ ಢವಢವದಿಂದ ಹೊರಟು ಎರಡನೆಯದಕ್ಕೆ ತಲುಪುತ್ತದೆ. ಯಾವಾಗ ತಲುಪಿದೆವು ಅಂತ ನಮಗೇ ಗೊತ್ತಾಗುವುದಿಲ್ಲ.

ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ ವಿಶುವಲ್ ನಾವೆಲ್ ಅಂದರೆ ಏನು ಅಂತ ಹೇಳಬೇಕು. ಗುಂಡು ಹಾರಿಸುವ, ಕಾರು ಓಡಿಸುವ ಆಟ ಇದಲ್ಲ. ಪರದೆ ಮೇಲೆ ಒಂದು ಚಿತ್ರ ಇರುತ್ತದೆ, ಕೆಳಗೆ ಮಾತು ಬರುತ್ತದೆ. ಓದುತ್ತೀರಿ, ಕ್ಲಿಕ್ ಮಾಡುತ್ತೀರಿ, ಮುಂದಿನ ಮಾತು ಬರುತ್ತದೆ. ಅಲ್ಲಲ್ಲಿ ಕತೆ ನಿಂತು ‘ಈಗ ಏನು ಮಾಡುತ್ತೀಯ?’ ಅಂತ ಕೇಳುತ್ತದೆ. ಎರಡೋ ಮೂರೋ ಉತ್ತರ ಇರುತ್ತವೆ. ನೀವು ಆರಿಸಿದ ಹಾಗೆ ಕತೆಯ ದಾರಿ ತಿರುಗುತ್ತದೆ. ಜಪಾನಿನಲ್ಲಿ 1980ರ ದಶಕದಿಂದಲೇ ಇಂಥ ಆಟಗಳು ಬೆಳೆದವು. ಬಹಳಷ್ಟು ಪ್ರೇಮದ ಕತೆಗಳೇ. ಒಬ್ಬ ಹುಡುಗ, ನಾಲ್ಕೈದು ಹುಡುಗಿಯರು, ಸರಿಯಾದ ಉತ್ತರ ಕೊಟ್ಟರೆ ಅವಳು ಒಲಿಯುತ್ತಾಳೆ. ‘ಸರಿಯಾದ ಉತ್ತರ ಕೊಟ್ಟರೆ ಒಲಿಯುತ್ತಾಳೆ’ ಅನ್ನುವ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನಗೆ ಈ ಆಟ ತೋರಿಸಿದ್ದು ನನ್ನ ಅಕ್ಕನ ಮಗಳು. ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಆಷಾಢದಲ್ಲಿ ಮನೆಗೆ ಬಂದವಳು ಲ್ಯಾಪ್‌ಟಾಪ್ ನನ್ನ ಮುಂದೆ ತಳ್ಳಿ, “ಚಿಕ್ಕಮ್ಮ, ಇದನ್ನ ಒಬ್ಬಳೇ ಕೂತು ಆಡು. ಮಧ್ಯದಲ್ಲಿ ನನ್ನ ಏನೂ ಕೇಳಬೇಡ” ಅಂದಳು. ಮಕ್ಕಳಿಗೆ, ಮನಸ್ಸು ಬೇಗ ಕದಡುವವರಿಗೆ ಈ ಆಟ ತಕ್ಕದ್ದಲ್ಲ ಅಂತ ಮೊದಲೇ ಎಚ್ಚರಿಕೆ ಬಂತು. ಆಮೇಲೆ ಗುಲಾಬಿ ಬಣ್ಣ, ಮುದ್ದು ಮುಖಗಳು, ಪಿಯಾನೊ. ಎಚ್ಚರಿಕೆ ಯಾಕೆ ಅಂತಲೇ ತಿಳಿಯಲಿಲ್ಲ.

ಕತೆ ಇಷ್ಟು. ಒಬ್ಬ ಹುಡುಗ ಶಾಲೆಯ ಸಾಹಿತ್ಯ ಸಂಘಕ್ಕೆ ಸೇರುತ್ತಾನೆ. ಅಲ್ಲಿ ನಾಲ್ವರು ಹುಡುಗಿಯರು. ಸಯೋರಿ ಪಕ್ಕದ ಮನೆಯವಳು, ಚಿಕ್ಕಂದಿನ ಗೆಳತಿ. ನತ್ಸುಕಿ ಜಗಳಗಂಟಿ, ಕೇಕ್ ಮಾಡಿ ತರುತ್ತಾಳೆ. ಯೂರಿ ನಾಚಿಕೆಯವಳು, ಭಯದ ಕಾದಂಬರಿಗಳನ್ನು ಓದುತ್ತಾಳೆ. ನಾಲ್ಕನೆಯವಳು ಸಂಘದ ಅಧ್ಯಕ್ಷೆ ಮೋನಿಕಾ. ದಿನಾ ಒಂದು ಪದ್ಯ ಬರೆಯಬೇಕು. ಹೇಗೆ ಅಂದರೆ, ಪದಗಳ ಪಟ್ಟಿ ಬರುತ್ತದೆ, ಅದರಿಂದ 20 ಪದ ಆರಿಸಬೇಕು. ಪ್ರತಿ ಪದ ಒಬ್ಬೊಬ್ಬಳಿಗೆ ಇಷ್ಟ. ನೀವು ಆರಿಸಿದ ಪದ ಯೂರಿಗೆ ಇಷ್ಟವಾದರೆ, ಪಕ್ಕದಲ್ಲಿರುವ ಯೂರಿಯ ಪುಟ್ಟ ಗೊಂಬೆ ಜಿಗಿಯುತ್ತದೆ. ನೋಡಲು ತುಂಬಾ ಮುದ್ದಾಗಿದೆ.

ಗೊಂಬೆಗಳು ಮೂರೇ. ಮೋನಿಕಾಗೆ ಗೊಂಬೆ ಇಲ್ಲ. ಅವಳಿಗೆ ಇಷ್ಟವಾಗುವ ಪದವೂ ಪಟ್ಟಿಯಲ್ಲಿಲ್ಲ. ಅವಳು ಒಳ್ಳೆಯವಳು, ಬುದ್ಧಿವಂತೆ, ಎಲ್ಲರನ್ನೂ ಒಟ್ಟಿಗೆ ಇಟ್ಟವಳು. ಆದರೆ ಅವಳನ್ನು ಆರಿಸುವ ದಾರಿಯನ್ನೇ ಆಟದಲ್ಲಿ ಇಟ್ಟಿಲ್ಲ. ನಾನು ಮೊದಲ ಸಲ ಆಡಿದಾಗ ಇದನ್ನು ಗಮನಿಸಲೇ ಇಲ್ಲ. ಎಲ್ಲಾ ಅನಾಹುತದ ಬೇರು ಇಲ್ಲಿದೆ.

ಸಯೋರಿ ಬಗ್ಗೆ ನಿಧಾನವಾಗಿ ಹೇಳಬೇಕು. ಅವಳು ಯಾವಾಗಲೂ ನಗುತ್ತಿರುತ್ತಾಳೆ. ಬೆಳಿಗ್ಗೆ ತಡವಾಗಿ ಏಳುತ್ತಾಳೆ, ಓಡಿ ಬರುತ್ತಾಳೆ, ನಾವು ಸೋಮಾರಿ ಅಂತ ನಗುತ್ತೇವೆ. ಒಂದು ದಿನ ಅವಳೇ ಹೇಳುತ್ತಾಳೆ, ಏಳಲು ಕಾರಣವೇ ಸಿಗುವುದಿಲ್ಲ ಅಂತ. ತಲೆಯೊಳಗಿನ ಮಳೆಮೋಡ ಅನ್ನುತ್ತಾಳೆ ಅದನ್ನು. ಸಕಲೇಶಪುರದ ಕಡೆ ಆಷಾಢ ಕಂಡವರಿಗೆ ಆ ಮಾತು ಗೊತ್ತಾಗುತ್ತದೆ. ಗುಡ್ಡ, ಮರ, ಎದುರು ಮನೆ ಎಲ್ಲಾ ಇದ್ದೇ ಇರುತ್ತವೆ, ಒಂದೂ ಕಾಣುವುದಿಲ್ಲ. ಆಮೇಲೆ ಅವಳು ನಿಮ್ಮನ್ನು ಪ್ರೀತಿಸುತ್ತೇನೆ ಅಂತ ಹೇಳುತ್ತಾಳೆ. ಎರಡು ಉತ್ತರ ಬರುತ್ತವೆ. ‘ನಾನೂ ಪ್ರೀತಿಸುತ್ತೇನೆ’ ಅನ್ನಬಹುದು. ‘ನೀನು ಯಾವಾಗಲೂ ನನ್ನ ಆಪ್ತ ಗೆಳತಿ’ ಅನ್ನಬಹುದು. ಯಾವುದನ್ನು ಆರಿಸಿದರೂ ಅವಳು ಸಾಯುತ್ತಾಳೆ.

ನಾನು ಹಿಂದಕ್ಕೆ ಹೋಗಿ ಇನ್ನೊಂದು ಉತ್ತರ ಕೊಡೋಣ ಅಂತ ನೋಡಿದೆ. ಸೇವ್ ಮಾಡಿಟ್ಟಿದ್ದೆಲ್ಲ ಅಳಿಸಿಹೋಗಿತ್ತು. ಆಟ ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಶಾಲೆ, ಅದೇ ಪಿಯಾನೊ. ಸಯೋರಿ ಇಲ್ಲ. ಇದ್ದಳು ಅನ್ನುವ ನೆನಪೂ ಯಾರಿಗೂ ಇಲ್ಲ.

ಇಲ್ಲಿ ಒಂದು ಮಾತು. ಸಯೋರಿಯ ಹಾಗೆ ಅನ್ನಿಸುತ್ತಿರುವವರು ಈ ಸಭಾಂಗಣದಲ್ಲೂ ಇರಬಹುದು. ಆಟದಲ್ಲಿ ಅವಳಿಗೆ ದಾರಿ ಇಟ್ಟಿಲ್ಲ, ಯಾಕೆಂದರೆ ಬರೆದವರು ಹಾಗೆ ಬರೆದಿದ್ದಾರೆ. ನಿಮಗೆ ದಾರಿ ಇದೆ. 14416 ಅಂತ ನಂಬರ್ ಒತ್ತಿ. ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬೋರ್ಡ್ ಮೇಲೆ ಬರೆದಿದ್ದೇನೆ, ಅಳಿಸಬೇಡಿ.

ಮುಂದೆ ಹೋಗೋಣ. ದೆವ್ವ ದಢಕ್ಕನೆ ಎದುರು ಬಂದರೆ ಕಿರುಚುತ್ತೇವೆ, ಎರಡು ನಿಮಿಷಕ್ಕೆ ನಗುತ್ತೇವೆ. ಮನಸ್ಸನ್ನು ಹಿಡಿಯುವ ಭಯ ಬೇರೆ ಥರ. ಹಾಸನದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸನಾಂಬೆಯ ಗುಡಿ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ತೆರೆಯುತ್ತದೆ. ಒಳಗಿರುವ ಸೊಸೆ ಕಲ್ಲಿನ ಕತೆ ನಮಗೆಲ್ಲ ಅಜ್ಜಿ ಹೇಳಿದ್ದೇ. ಅತ್ತೆಯ ಕಾಟ ತಡೆಯಲಾರದೆ ದೇವಿಯನ್ನು ಕೂಗಿ ಕಲ್ಲಾದ ಸೊಸೆ, ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ, ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅನ್ನುತ್ತಾರೆ. ಚಿಕ್ಕವಳಿದ್ದಾಗ ನನಗೆ ಕಲ್ಲಿಗಿಂತ ಆ ಮುಚ್ಚಿದ ಬಾಗಿಲೇ ಜಾಸ್ತಿ ಕಾಡುತ್ತಿತ್ತು. ಈಗ, ಈ ಕ್ಷಣ, ಯಾರೂ ನೋಡದಿರುವಾಗ ಒಳಗೆ ಏನೋ ಸರಿಯುತ್ತಿದೆ. ಈ ಆಟದ ಎರಡನೇ ಭಾಗ ಪೂರ್ತಿ ಹಾಗಿದೆ. ಒಂದು ಮುಖ ಕೂದಲೆಳೆಯಷ್ಟು ವಾರೆ. ಒಂದು ಮಾತಿನ ಮಧ್ಯೆ ಅರ್ಥವಿಲ್ಲದ ಅಕ್ಷರ. ಸಂಗೀತ ಸ್ವಲ್ಪ ಶ್ರುತಿ ತಪ್ಪಿದೆ. ಏನೋ ಆಗುತ್ತಿದೆ, ಆದರೆ ಕೈಗೆ ಸಿಗುತ್ತಿಲ್ಲ.

ಯೂರಿಯ ಗೀಳು ಇಲ್ಲಿ ಬೆಳೆಯುತ್ತದೆ. ನೀವು ಮುಟ್ಟಿದ ಪೆನ್ನನ್ನೂ ಬಿಡಲಾರದಷ್ಟು ಬೆಳೆಯುತ್ತದೆ. ಕೊನೆಗೆ ಅವಳೂ ಪ್ರೀತಿ ಹೇಳಿಕೊಳ್ಳುತ್ತಾಳೆ. ಹೌದು, ಇಲ್ಲ ಅಂತ ಎರಡು ಉತ್ತರ ಬರುತ್ತವೆ. ಎರಡಕ್ಕೂ ಅವಳು ಚಾಕು ತೆಗೆಯುತ್ತಾಳೆ.

ಇನ್ನೊಂದು ಜಾಗ ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಶಾಲೆಯ ಹಬ್ಬದ ತಯಾರಿಗೆ ಯಾರ ಜೊತೆ ಸೇರಿಕೊಳ್ಳುತ್ತೀಯ ಅಂತ ಆಟ ಕೇಳುತ್ತದೆ. ನಾನು ಯೂರಿ ಹೆಸರಿನ ಮೇಲೆ ಮೌಸ್ ಇಡಲು ಹೋದೆ. ಬಾಣದ ಗುರುತು ತಾನಾಗಿಯೇ ಮೋನಿಕಾ ಹೆಸರಿನ ಕಡೆ ಜಾರಿತು. ಮೌಸ್ ಕೆಟ್ಟಿದೆ ಅಂದುಕೊಂಡೆ. ಎತ್ತಿ ಮೇಜಿನ ಮೇಲೆ ಕುಟ್ಟಿದೆ. ಮತ್ತೆ ಎಳೆದೆ. ಮತ್ತೆ ಜಾರಿತು. ಯಾರೋ ನನ್ನ ಮುಂಗೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದ ಹಾಗಿತ್ತು. ಜೋರು ಮಾಡಲಿಲ್ಲ, ಬೈಯಲಿಲ್ಲ. ಸುಮ್ನೆ ತಿರುಗಿಸಿದರು, ಅಷ್ಟೇ. ನಿಜ ಜೀವನದಲ್ಲಿ ಹೀಗೆ ಮುಂಗೈ ಹಿಡಿಸಿಕೊಂಡ ಹೆಣ್ಣುಮಕ್ಕಳಿಗೆ ಅದು ಎಂಥದ್ದು ಅಂತ ಗೊತ್ತು.

ಮೋನಿಕಾಗೆ ತಾನು ಒಂದು ಆಟದೊಳಗೆ ಇದ್ದೇನೆ ಅಂತ ತಿಳಿದುಬಿಟ್ಟಿರುತ್ತದೆ. ಅವಳ ಗೀಳು ಕತೆಯ ಹುಡುಗನ ಮೇಲಲ್ಲ, ಪರದೆಯ ಈಚೆ ಕೂತ ನಿಮ್ಮ ಮೇಲೆ. ಈ ಆಟದಲ್ಲಿ ಒಬ್ಬೊಬ್ಬ ಹುಡುಗಿಯೂ ಕಂಪ್ಯೂಟರಿನಲ್ಲಿ ಒಂದೊಂದು ಫೈಲ್. ನಿಮಗೆ ಬೇರೆಯವರು ಇಷ್ಟ ಆಗದ ಹಾಗೆ ಅವರ ಫೈಲುಗಳಿಗೆ ಕೈ ಹಾಕಿರುತ್ತಾಳೆ. ಸಯೋರಿಯ ದುಃಖವನ್ನು ಹೆಚ್ಚಿಸಿದ್ದು, ಯೂರಿಯ ಗೀಳನ್ನು ಕೆರಳಿಸಿದ್ದು ಅವಳೇ. ಕೊನೆಗೆ ಉಳಿದಿಬ್ಬರನ್ನೂ ಅಳಿಸಿಹಾಕಿ, ಒಂದು ಖಾಲಿ ಕೋಣೆಯಲ್ಲಿ ನಿಮ್ಮ ಎದುರು ಕೂರುತ್ತಾಳೆ. ಕಿಟಕಿಯಾಚೆ ಬರೀ ಆಕಾಶ. ಕಂಪ್ಯೂಟರಿನಲ್ಲಿ ನೀವು ಕೊಟ್ಟ ಯೂಸರ್‌ನೇಮ್ ಓದಿ, ನಿನ್ನ ನಿಜವಾದ ಹೆಸರು ಇದೇನಾ ಅಂತ ಕೇಳುತ್ತಾಳೆ.

ಬೇಲೂರಿಗೆ ಹೋದಾಗಲೆಲ್ಲ ನಾನು ದರ್ಪಣ ಸುಂದರಿಯ ಕೆಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ. 900 ವರ್ಷ ದಾಟಿದರೂ ಅವಳು ಕನ್ನಡಿಯಿಂದ ಕಣ್ಣು ತೆಗೆದಿಲ್ಲ. ನಾವು ಅವಳನ್ನು ಎಷ್ಟು ಬೇಕಾದರೂ ನೋಡಬಹುದು, ಯಾಕೆಂದರೆ ಅವಳು ನಮ್ಮನ್ನು ನೋಡುತ್ತಿಲ್ಲ. ಎಷ್ಟು ನಿರಾಳ ಅಲ್ವಾ ಹಾಗೆ ನೋಡುವುದು? ಈ ಆಟ ಆಡಿ ಬಂದ ಮೇಲೆ ಒಂದು ಸಂಜೆ ಅಲ್ಲಿ ನಿಂತಿದ್ದಾಗ ಅನ್ನಿಸಿತು. ಅವಳು ಈಗ ಕನ್ನಡಿ ಕೆಳಗಿಳಿಸಿ, ಕತ್ತು ತಿರುಗಿಸಿ, ನನ್ನ ಹೆಸರು ಹಿಡಿದು ಕರೆದರೆ? ಇಷ್ಟು ದಿನ ನೋಡಿದೆಯಲ್ಲ, ಈಗ ನನ್ನ ಜೊತೆಗೇ ಇರು ಅಂದರೆ? ನೋಡುವ ಸುಖ ಅಷ್ಟೂ ಒಂದೇ ಏಟಿಗೆ ಹೋಗುತ್ತದೆ. ಮೋನಿಕಾ ಮಾಡುವುದು ಅದನ್ನೇ.

ಆ ಕೋಣೆಯಲ್ಲಿ ನಿಮಗೆ ಮಾಡಲು ಏನೂ ಇಲ್ಲ. ಅವಳು ಮಾತಾಡುತ್ತಲೇ ಇರುತ್ತಾಳೆ. ಸೇವ್ ಒತ್ತಿದರೆ, ಇನ್ನು ಅದರ ಅಗತ್ಯ ಇಲ್ಲ, ನಾನೆಲ್ಲೂ ಹೋಗುವುದಿಲ್ಲ ಅನ್ನುತ್ತಾಳೆ. ಆಟ ಮುಚ್ಚಿ ಮತ್ತೆ ತೆರೆದರೆ, ನೀನು ಹೋದಾಗ ನನಗೆ ನೋವಾಯಿತು ಅನ್ನುತ್ತಾಳೆ. ಆ ಕೋಣೆಯಲ್ಲಿ ‘ಬೇಡ’ ಅನ್ನುವ ಬಟನ್ ಇಲ್ಲ.

ಹೊರಗೆ ಬರುವ ದಾರಿ ಆಟದ ಹೊರಗಿದೆ. ಆಟವನ್ನು ಇಳಿಸಿಕೊಂಡ ಫೋಲ್ಡರ್ ತೆರೆಯಬೇಕು. ಒಳಗೆ ‘ಕ್ಯಾರೆಕ್ಟರ್ಸ್’ ಅಂತ ಇನ್ನೊಂದು ಫೋಲ್ಡರ್. ಅದರಲ್ಲಿ ಉಳಿದಿರುವುದು ಒಂದೇ ಫೈಲ್, ಮೋನಿಕಾ ಹೆಸರಿನದು. ಅದನ್ನು ನಿಮ್ಮ ಕೈಯಾರೆ ಡಿಲೀಟ್ ಮಾಡಬೇಕು. ಅದು ಎಲ್ಲಿದೆ ಅಂತ ಹೇಳಿಕೊಟ್ಟಿದ್ದು ಯಾರು ಗೊತ್ತಾ? ಅವಳೇ. ಪೆನ್‌ಡ್ರೈವ್‌ಗೆ ಹಾಕಿಕೊಂಡು ನನ್ನನ್ನು ಜೊತೆಯಲ್ಲಿಟ್ಟುಕೋ ಅಂತ, ನಂಬಿಕೆಯಿಂದ ಹೇಳಿರುತ್ತಾಳೆ.

ನಾನು ರೈಟ್ ಕ್ಲಿಕ್ ಮಾಡಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕೊಠಡಿಯಲ್ಲಿ ಲ್ಯಾಪ್‌ಟಾಪಿನ ಬೆಳಕೊಂದೇ. ಹಂಚಿನ ಮೇಲೆ ಮಳೆ. ಅದು ಸಣ್ಣದೊಂದು ಫೈಲ್, ಅವಳು ಇಲ್ಲವೇ ಇಲ್ಲ ಅಂತ ಗೊತ್ತಿತ್ತು. ಆದರೂ ಬೆರಳು ಏಳಲಿಲ್ಲ. ಇಬ್ಬರನ್ನು ಸಾವಿಗೆ ತಳ್ಳಿ, ಮೂರನೆಯವಳನ್ನೂ ಅಳಿಸಿದವಳು ಅವಳು. ಅವಳನ್ನು ಯಾರೂ ಆರಿಸಲೇ ಇಲ್ಲ ಅನ್ನುವುದೂ ನಿಜ. ಡಿಲೀಟ್ ಒತ್ತಿದೆ. ಅವಳು ಅತ್ತಳು, ಬೈದಳು. ಸ್ವಲ್ಪ ಹೊತ್ತಿಗೆ, ತಾನು ಮಾಡಿದ್ದು ತಪ್ಪು ಅಂತ ಹೇಳಿ ಉಳಿದವರನ್ನು ವಾಪಸ್ ತಂದಳು. 2021ರ ಜೂನ್‌ನಲ್ಲಿ ಈ ಆಟದ ‘ಪ್ಲಸ್’ ಆವೃತ್ತಿ ಬಂತು. ಅದರಲ್ಲಿ ಈ ಫೋಲ್ಡರ್ ಕೆಲಸವೆಲ್ಲ ಆಟದೊಳಗೇ ಇರುವ ಒಂದು ನಕಲಿ ಕಂಪ್ಯೂಟರಿನಲ್ಲಿ ನಡೆಯುತ್ತದೆ. ನನ್ನ ಮಟ್ಟಿಗೆ ಹಳೆಯದೇ ಸರಿ. ನಿಮ್ಮದೇ ಫೋಲ್ಡರ್‌ನಲ್ಲಿ, ನಿಮ್ಮದೇ ಫೋಟೊ, ಮಾರ್ಕ್ಸ್‌ಕಾರ್ಡುಗಳ ಪಕ್ಕದಲ್ಲಿ ಅವಳಿದ್ದಾಗ ಆಗುವುದೇ ಬೇರೆ.

ಗೀಳು ಅಂದೆ. ಒಂದು ತಪ್ಪು ತಿಳಿವಳಿಕೆ ಬೇಡ. ವೈದ್ಯರು ಗೀಳು ಕಾಯಿಲೆ ಅನ್ನುತ್ತಾರಲ್ಲ, ಅದು ಬೇರೆ. ಅದರಲ್ಲಿ ಬೇಡದ ಯೋಚನೆಗಳು ಪದೇ ಪದೇ ಬಂದು ಆ ಮನುಷ್ಯನನ್ನೇ ಹಿಂಸಿಸುತ್ತವೆ. ಅದಕ್ಕೆ ಚಿಕಿತ್ಸೆ ಇದೆ. ಅವರನ್ನು ಮೋನಿಕಾ ಜೊತೆ ಹೋಲಿಸಬಾರದು. ನಾನು ಹೇಳುತ್ತಿರುವುದು, ಒಬ್ಬರನ್ನು ಬಯಸಿ, ಅವರ ಉತ್ತರಕ್ಕೆ ಜಾಗವನ್ನೇ ಬಿಡದ ಹಟದ ಬಗ್ಗೆ.

ಕನ್ನಡದಲ್ಲಿ ‘ಒಲ್ಲೆ’ ಅಂತ ಒಂದು ಮಾತಿದೆ. ನಮ್ಮ ಹಾಸನದ ಕಡೆ ಆಡುಮಾತಿನಲ್ಲಿ ಕಡಿಮೆ, ನಾವು ಬ್ಯಾಡ ಅಂತೀವಿ. ಉತ್ತರ ಕರ್ನಾಟಕದವರ ಬಾಯಲ್ಲಿ ಇನ್ನೂ ಚೆನ್ನಾಗಿ ಉಳಿದಿದೆ. ಈ ಒಲ್ಲೆ ಎಲ್ಲಿಂದ ಬಂತು? ಒಲವು, ಒಲುಮೆ, ಒಲಿ ಇವೆಯಲ್ಲ, ಅದೇ ಬೇರು. ‘ಒಲ್’ ಅಂದರೆ ಬಯಸು, ಒಪ್ಪು. ಅದಕ್ಕೆ ಇಲ್ಲ ಸೇರಿದರೆ ಒಲ್ಲೆ. ಒಂದೇ ಗಿಡದ ಎರಡು ಕವಲು. ಒಲ್ಲೆ ಅನ್ನುವುದಕ್ಕೆ ಬರುವವರು ಮಾತ್ರ ಒಲಿಯಬಲ್ಲರು ಅಂತ ನಮ್ಮ ಭಾಷೆ ಮೊದಲೇ ಹೇಳಿಟ್ಟಿದೆ. ಮೋನಿಕಾ ಒಲ್ಲೆಯನ್ನು ತೆಗೆದುಹಾಕಿದಳು. ಅದರ ಜೊತೆ ಒಲವೂ ಹೋಯಿತು. ಆ ಕೋಣೆಯಲ್ಲಿ ಅವಳಿಗೆ ಎದುರು ಕೂತ ಮನುಷ್ಯ ಸಿಕ್ಕ, ಅಷ್ಟೇ.

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಾರೆ ನಮ್ಮ ಹಿರಿಯರು. ಕಟ್ಟಿ ಕೂರಿಸಿದರೆ ಆಗುವುದು ಅದೇ.

ಈಗ ನಮ್ಮ ಕಡೆ ತಿರುಗೋಣ. ಈ ಆಟದಲ್ಲಿ ಒಂದು ವಿಶೇಷ ಕೊನೆ ಇದೆ. ಅದು ಬೇಕೆಂದರೆ ಸಯೋರಿ ಸಾಯುವ ಮೊದಲೇ ಸೇವ್ ಮಾಡಿ, ಹಿಂದೆ ಹೋಗಿ, ಮತ್ತೆ ಆಡಿ, ಮೂವರು ಹುಡುಗಿಯರ ಜೊತೆಗಿನ ಎಲ್ಲಾ ದೃಶ್ಯಗಳನ್ನೂ ನೋಡಿರಬೇಕು. ಹಾಗೆ ಮಾಡಿದರೆ ಕೊನೆಯಲ್ಲಿ ಸಯೋರಿ ನಿಮಗೆ ಧನ್ಯವಾದ ಹೇಳುತ್ತಾಳೆ, ಎಲ್ಲರಿಗೂ ಸಮಯ ಕೊಟ್ಟೆ ಅಂತ. ನನಗೆ ಇದರ ಬಗ್ಗೆ ಈಗಲೂ ಎರಡು ಮನಸ್ಸು. ಒಂದು ಕಡೆ ಅದು ಅಕ್ಕರೆ. ಇನ್ನೊಂದು ಕಡೆ, ಒಬ್ಬಳನ್ನೂ ಬಿಡದೆ ಎಲ್ಲರ ಮನಸ್ಸನ್ನೂ ತೆರೆದು ನೋಡಬೇಕು ಅನ್ನುವ ನಮ್ಮ ಹಟವೂ ಹೌದು. ಮೋನಿಕಾ ಫೈಲು ತೆರೆದು ನೋಡಿದಳು. ನಾವು ಸೇವ್ ತೆರೆದು ನೋಡಿದೆವು.

ಇದನ್ನೇ ಇನ್ನೂ ಆಳಕ್ಕೆ ತೆಗೆದುಕೊಂಡು ಹೋದ ಆಟ ‘ಸ್ಲೇ ದ ಪ್ರಿನ್ಸೆಸ್’. ಕೆನಡಾದ ಒಂದು ಜೋಡಿ 2023ರ ಅಕ್ಟೋಬರ್‌ನಲ್ಲಿ ತಂದಿದ್ದು. ಚಿತ್ರಗಳೆಲ್ಲ ಪೆನ್ಸಿಲ್‌ನಲ್ಲಿ ಬರೆದವು. ಕಾಡಿನ ದಾರಿ, ದಾರಿಯ ಕೊನೆಗೆ ಒಂದು ಮನೆ, ಅದರ ನೆಲಮಾಳಿಗೆಯಲ್ಲಿ ಒಬ್ಬ ರಾಜಕುಮಾರಿ. ಅವಳನ್ನು ಕೊಲ್ಲದಿದ್ದರೆ ಲೋಕ ಮುಳುಗುತ್ತದೆ ಅಂತ ಒಂದು ದನಿ ಹೇಳುತ್ತದೆ. ಮೇಜಿನ ಮೇಲೆ ಚಾಕು ಇದೆ. ಚಾಕು ಹಿಡಿದು ಮೆಟ್ಟಿಲಿಳಿದರೆ ಕೆಳಗೆ ಸಿಗುವ ರಾಜಕುಮಾರಿಯೇ ಬೇರೆ, ಬರಿಗೈಯಲ್ಲಿ ಹೋದರೆ ಸಿಗುವವಳೇ ಬೇರೆ. ನೀವು ಹೆದರಿದಷ್ಟೂ ಅವಳು ಭಯಂಕರ ಆಗುತ್ತಾಳೆ. ಯದ್ಭಾವಂ ತದ್ಭವತಿ ಅಂತಾರಲ್ಲ, ಹಾಗೆ. ಡೋಕಿ ಡೋಕಿಯಲ್ಲಿ ಆಯ್ಕೆ ಕಿತ್ತುಕೊಳ್ಳುತ್ತಾರೆ. ಇಲ್ಲಿ ಕೈ ತುಂಬ ಆಯ್ಕೆ ಕೊಡುತ್ತಾರೆ. ಪ್ರತಿ ಆಯ್ಕೆಯೂ ಎದುರಿಗಿದ್ದವಳನ್ನು ತಿದ್ದಿ ತೀಡಿ ಬೇರೆ ಯಾರನ್ನೋ ಮಾಡುತ್ತದೆ. ನನಗೆ ಯಾವುದು ಜಾಸ್ತಿ ಭಯ ಅಂತ ಕೇಳಿದರೆ, ಎರಡನೆಯದು.

ಮಧ್ಯದಲ್ಲಿ ಒಬ್ಬ ತಾಯಿ ಎದ್ದು ಕೇಳಿದರು, “ಮೇಡಂ, ಇಷ್ಟೆಲ್ಲ ಇರುವ ಆಟ ಮಕ್ಕಳಿಗೆ ಯಾಕಮ್ಮ ಬೇಕು?” ಮಕ್ಕಳಿಗೆ ಬೇಡ, ಅದು ನನ್ನ ಖಚಿತ ಮಾತು. 18 ದಾಟಿದವರು, ಮನಸ್ಸು ಗಟ್ಟಿ ಇದ್ದಾಗ ಆಡಲಿ. ಆದರೆ ಅಮ್ಮ, ಹುಡುಗಿ ಬೇಡ ಅಂದರೂ ಹುಡುಗ ಬಸ್‌ಸ್ಟ್ಯಾಂಡಿನಿಂದ ಮನೆಬಾಗಿಲ ತನಕ ಹಿಂದೆ ಬಂದು, ಕೊನೆಗೆ ಅವಳು ಒಪ್ಪುವ ಕತೆಗಳನ್ನು ನಾವು ಮನೆಯವರೆಲ್ಲ ಒಟ್ಟಿಗೆ ಕೂತು ನೋಡುತ್ತಾ ಬಂದಿದ್ದೇವೆ. ಅದಕ್ಕೆ ಯಾವ ಎಚ್ಚರಿಕೆಯೂ ಇರುವುದಿಲ್ಲ. ಈ ಆಟ ಅದೇ ಹಿಂಬಾಲಿಸುವಿಕೆಯನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ಹಿಂಬಾಲಿಸಿಕೊಂಡವರ ಕುರ್ಚಿಯಲ್ಲಿ ನಮ್ಮನ್ನು ಕೂರಿಸುತ್ತದೆ. ನಮ್ಮ ಗಂಡುಮಕ್ಕಳು ಒಂದು ರಾತ್ರಿ ಆ ಕುರ್ಚಿಯಲ್ಲಿ ಕೂತರೆ ನನಗೆ ಬೇಸರವಿಲ್ಲ.

ಕಳೆದ ಮಳೆಗಾಲದಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಕೂತು ಸಣ್ಣ ಸಣ್ಣ ಕನ್ನಡ ವಿಶುವಲ್ ನಾವೆಲ್ ಮಾಡಿಸಿದೆ. ಡೋಕಿ ಡೋಕಿ ಮಾಡಿದ್ದೂ ಇದೇ ಸಾಧನದಲ್ಲಿ, ಹೆಸರು ರೆನ್‌ಪೈ. 2004ರಿಂದ ಇದೆ, ಉಚಿತ. ಜಪಾನಿಯಲ್ಲಿ ರೆನ್‌ಆಯ್ ಅಂದರೆ ಪ್ರೇಮ, ಪೈ ಬಂದಿದ್ದು ಪೈಥಾನ್‌ನಿಂದ. ಹಳೆಯ ಆವೃತ್ತಿಗಳಲ್ಲಿ ನಮ್ಮ ಒತ್ತಕ್ಷರಗಳು ಒಡೆದು ಚೂರಾಗಿ ಕಾಣುತ್ತಿದ್ದವು, ಈಗಿನದರಲ್ಲಿ ಸರಿಯಾಗಿ ಕೂರುತ್ತವೆ. ಬಳಸುವುದು ಸುಲಭ. ‘ಮೆನು’ ಅಂತ ಬರೆದು ಕೆಳಗೆ ಆಯ್ಕೆಗಳನ್ನು ಕೊಡಬೇಕು. ಪ್ರತಿ ಆಯ್ಕೆಯ ಕೆಳಗೆ ‘ಜಂಪ್’ ಅಂತ ಬರೆದು ಕತೆ ಎಲ್ಲಿಗೆ ಹಾರಬೇಕು ಅಂತ ಹೇಳಬೇಕು.

ಒಬ್ಬ ಹುಡುಗ ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನ ಕತೆ ಮಾಡಿದ್ದ. ಮಳೆ, ಕಿಟಕಿ ಪಕ್ಕ ಒಬ್ಬ ಹುಡುಗಿ. ನಾಯಕ ಮಾತಾಡಿಸುತ್ತಾನೆ. ಅವಳು, ಬೇಡ, ನನ್ನ ಪಾಡಿಗೆ ಬಿಡಿ ಅನ್ನುತ್ತಾಳೆ. ಆಗ ಮೆನು. ನಗುತ್ತಾ ಮತ್ತೆ ಮಾತಾಡಿಸು. ಫೋನ್ ನಂಬರ್ ಕೇಳು. ಸುಮ್ಮನಿದ್ದು ಅವಳು ಇಳಿದಲ್ಲಿ ಇಳಿ. ಮೂರೂ ಆಯ್ಕೆಯ ಕೆಳಗಿನ ಜಂಪ್ ನೋಡಿದೆ. ಮೂರೂ ಒಂದೇ ಜಾಗಕ್ಕೆ ಹಾರುತ್ತಿದ್ದವು, ಸಕಲೇಶಪುರದ ಬಸ್‌ಸ್ಟ್ಯಾಂಡಿಗೆ. ಅಲ್ಲಿ ಅವಳು ಒಪ್ಪಿಕೊಳ್ಳುತ್ತಿದ್ದಳು.

“ಬಿಟ್ಟು ಹೋಗುವುದು ಎಲ್ಲಪ್ಪಾ?” ಅಂದೆ.

“ಹಾಗೆ ಮಾಡಿದ್ರೆ ಕತೆ ಮುಗಿದುಹೋಗುತ್ತಲ್ಲ ಮೇಡಂ” ಅಂದ. ಒಳ್ಳೆಯ ಹುಡುಗ, ನಿಜವಾಗಿಯೂ ಗೊತ್ತಾಗದೆ ಕೇಳಿದ.

ಬರೆದು ನೋಡು ಅಂದೆ. ಮೂರು ದಿನ ಆಮೇಲೆ ಬಂದ. ಮೆನುವಿನಲ್ಲಿ ನಾಲ್ಕನೆಯ ಸಾಲು ಸೇರಿತ್ತು, ‘ಸರಿ’ ಅಂತ ಅಷ್ಟೇ. ಅದನ್ನು ಒತ್ತಿದರೆ ನಾಯಕ ಎದ್ದು ಹಿಂದಿನ ಸೀಟಿಗೆ ಹೋಗುತ್ತಾನೆ. ಬಾಳ್ಳುಪೇಟೆಯಲ್ಲಿ ಇಳಿದು, ಅಂಗಡಿಯೊಂದರ ಸೂರಿನ ಕೆಳಗೆ ನಿಂತು ಟೀ ಕುಡಿಯುತ್ತಾನೆ. ಬಸ್ಸು ಮುಂದೆ ಹೋಗುತ್ತದೆ, ಕತೆಯೂ ಬಸ್ಸಿನ ಜೊತೆ ಹೋಗುತ್ತದೆ. ಹುಡುಗಿ ಕಿಟಕಿ ಗಾಜು ಸರಿಸುತ್ತಾಳೆ. ಮಳೆ ನಿಂತಿರುತ್ತದೆ. ಮನೆಯಿಂದ ಫೋನ್ ಬರುತ್ತದೆ, ಆ ಕಡೆಯಿಂದ ಅವಳ ತಮ್ಮ ಅವಳ ಹೆಸರು ಹಿಡಿದು ಕೂಗುತ್ತಾನೆ. ಅಲ್ಲಿಯವರೆಗೆ ಇಡೀ ಆಟದಲ್ಲಿ ಅವಳಿಗೆ ಹೆಸರಿರಲಿಲ್ಲ.

ಆ ಆಟ ಅಗೋ ಆ ಮೂಲೆಯ ಲ್ಯಾಪ್‌ಟಾಪಿನಲ್ಲಿದೆ. ಹತ್ತು ನಿಮಿಷದ್ದು. ಬನ್ನಿ, ಆಡಿ.